ನಾಯಿ ನುಂಗಿದವರಿಗೆ ಹೊಲ ಸಿಕ್ಕಿತು

(ಅಮೆರಿಕದ ಅಂತರ್ಯುದ್ಧದಲ್ಲಿ ಸೋತವರಿಂದ ಮಾಡಿಸಿದ ನಿಷ್ಠೆಯ ಪ್ರಮಾಣದ ಬಗ್ಗೆ ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿದು. ಅವತ್ತು ಕೈಯಲ್ಲಿ ಭಾಷಣದ ಕಾಗದ ಇರಲಿಲ್ಲ, ಒಂದು ಚೀಟಿಯಲ್ಲಿ ತಾರೀಖುಗಳನ್ನು ಮಾತ್ರ ಗೀಚಿಕೊಂಡು ಹೋಗಿದ್ದೆ. ಬರೆದು ಕೊಡ್ರಿ ಅಂತ ಕೆಲವರು ಬೆನ್ನು ಬಿದ್ದದ್ದಕ್ಕೆ ಈಗ ಕೂತು ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳೂ ಇದರಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡ್ತೇನೆ, ನಾನು ಇತಿಹಾಸದ ಮಾಸ್ತರ ಅಲ್ಲ. ನೋಟರಿ. ಕೋರ್ಟಿನ ಹೊರಗೆ ಒಂದು ಟೇಬಲ್ಲು, ಎರಡು ಕುರ್ಚಿ, ಒಂದು ಶಿಕ್ಕಾ, ಒಂದು ಇಂಕ್ ಪ್ಯಾಡು, ಇಷ್ಟೇ ನನ್ನ ಆಸ್ತಿ. ಜನ ಮಾಡುವ ಪ್ರಮಾಣಕ್ಕೆ ಶಿಕ್ಕಾ ಒತ್ತುವುದು ನನ್ನ ಕೆಲಸ. "ನಾನು ಈ ಮೂಲಕ ಪ್ರಮಾಣ ಮಾಡಿ ಹೇಳುವುದೇನೆಂದರೆ" ಅಂತ ಶುರುವಾಗುವ ಸಾಲು ದಿನಕ್ಕೆ ಇಪ್ಪತ್ತು ಸಲವಾದರೂ ನನ್ನ ಕಣ್ಣ ಮುಂದೆ ಹಾದುಹೋಗುತ್ತದೆ. ಉತಾರದಲ್ಲಿ (ಹೊಲದ ಪಹಣಿಯಲ್ಲಿ) ಮಲ್ಲಪ್ಪ ಅಂತ ಇದೆ, ಆಧಾರಿನಲ್ಲಿ ಮಲ್ಲಿಕಾರ್ಜುನ ಅಂತ ಇದೆ, ಇಬ್ಬರೂ ನಾನೇ ಅಂತ ಒಬ್ಬರು ಬರುತ್ತಾರೆ. ಎರಡು ವರ್ಷ ಸುಮ್ನೆ ಮನೆಯಲ್ಲಿದ್ದೆ, ಬೇರೆ ಯಾವ ಕಾಲೇಜಿಗೂ ಸೇರಿಲ್ಲ ಅಂತ ಗ್ಯಾಪ್ ಸರ್ಟಿಫಿಕೇಟಿಗೆ ಒಬ್ಬ ಹುಡುಗ ಬರುತ್ತಾನೆ. ನಾನು ಓದಿ ಹೇಳುತ್ತೇನೆ, ಅವರು ಸಹಿ ಮಾಡುತ್ತಾರೆ, ರಿಜಿಸ್ಟರಿನಲ್ಲಿ ಬರೆಯುತ್ತೇನೆ, ಮುಗಿಯಿತು.

ಬಹಳ ಹಿಂದೆ ಒಬ್ಬ ಮುದುಕಿ ಬಂದಿದ್ದಳು. ಯಾರೋ ಬರೆಸಿಕೊಟ್ಟ ಅಫಿಡವಿಟ್ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ನಿಯಮದ ಪ್ರಕಾರ ಕೇಳಬೇಕಲ್ಲ, ಕೇಳಿದೆ: "ಇದರಾಗ ಬರದದ್ದು ಎಲ್ಲಾ ಖರೆ ಐತೇನವ್ವಾ?" ಅವಳು ನನ್ನ ಮುಖ ನೋಡಿ ಹೇಳಿದಳು: "ಖರೇನೋ ಸುಳ್ಳೋ ನನಗೇನ್ ಗೊತ್ತೋ ಯಪ್ಪಾ. ಇದನ್ನ ಕೊಟ್ರ ಪಗಾರ ಬರತೈತಿ ಅಂದಾರ."

ಅವಳು ಹೇಳಿದ್ದು ವಿಧವಾ ಪಿಂಚಣಿಯ ಮಾತು. ಆದರೆ ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪ್ರಮಾಣದ ಕಾಗದದಲ್ಲಿ ಏನು ಬರೆದಿದೆ ಅನ್ನುವುದು ನನಗೆ ಮುಖ್ಯ. ಅದನ್ನು ಕೊಟ್ಟರೆ ಏನು ಸಿಗುತ್ತದೆ ಅನ್ನುವುದು ಅವಳಿಗೆ ಮುಖ್ಯ. ಇವತ್ತು ನಾನು ಹೇಳಬೇಕೆಂದಿರುವ ಕಥೆಯನ್ನು ಆ ಮುದುಕಿಯ ಕಣ್ಣಿನಿಂದಲೇ ನೋಡಬೇಕು.

ನಮ್ಮ ಕಡೆ ಇನ್ನೊಂದು ಪ್ರಮಾಣ ಇದೆ, ನಿಮಗೆ ಗೊತ್ತಿರುವುದೇ. ಭಂಡಾರ ಹಿಡಿಯುವುದು, ಅಂದರೆ ದೇವರ ಅರಿಶಿನ ಪುಡಿ ಹಿಡಿದು ಆಣೆ ಮಾಡುವುದು. ಚುನಾವಣೆ ಬಂತೆಂದರೆ ರಾತ್ರಿ ಮನೆಮನೆಗೆ ಬಂದು, ದುಡ್ಡು ಕೊಟ್ಟು, ಅಂಗೈಯಲ್ಲಿ ಭಂಡಾರ ಇಟ್ಟು, ನಮಗೇ ಹಾಕ್ತೀನಿ ಅಂತ ಆಣೆ ಮಾಡು ಅನ್ನುವವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಬಾಂಡ್ ಪೇಪರಿನ ಮೇಲೆ ಸುಳ್ಳು ಹೇಳಲು ಹೆದರದವನು ಭಂಡಾರ ಕಂಡರೆ ಹೆದರುತ್ತಾನೆ. (ಇಲ್ಲಿ ಕೂತಿರುವ ವಕೀಲರು ನಗಬೇಡಿ, ಸುಳ್ಳು ಅಫಿಡವಿಟ್ಟಿಗೆ ಶಿಕ್ಷೆ ಇದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು, ಎಷ್ಟು ಜನಕ್ಕೆ ಆಗಿದೆ ಅನ್ನುವುದೂ ಗೊತ್ತು.)

ಈಗ ವಿಷಯಕ್ಕೆ ಬರೋಣ. ಒಂದು ದೇಶ ಒಡೆದು ಎರಡಾಗಿ, ಅಣ್ಣ ತಮ್ಮ ಹೊಡೆದಾಡಿ, ಒಂದು ಕಡೆ ಗೆದ್ದ ಮೇಲೆ, ಸೋತ ಕಡೆಯ ಸಾಮಾನ್ಯ ಜನರನ್ನು ಏನು ಮಾಡಬೇಕು? ಸಿಪಾಯಿಗಳ ಮಾತು ಬೇರೆ. ಬಂದೂಕು ಕೆಳಗಿಟ್ಟು ಮನೆಗೆ ಹೋಗಿ ಅಂದರೆ ಹೋಗುತ್ತಾರೆ. ಆದರೆ ಅಂಗಡಿಯವನು, ಒಕ್ಕಲಿಗ, ವಕೀಲ, ಚರ್ಚಿನ ಪಾದ್ರಿ, ಶಾಲೆಯ ಮಾಸ್ತರ, ಮನೆಯ ಹೆಣ್ಣುಮಕ್ಕಳು? ನಿನ್ನೆಯವರೆಗೆ ವೈರಿಯ ಜೈಕಾರ ಹಾಕಿದವರು ಇವತ್ತು ನಮ್ಮವರು ಅಂತ ಹೇಗೆ ನಂಬುವುದು? ಅಮೆರಿಕದವರು ಕಂಡುಕೊಂಡ ದಾರಿ ನನ್ನ ಟೇಬಲ್ಲಿನ ದಾರಿಯೇ. ಕಾಗದ ತಾ, ಬಲಗೈ ಎತ್ತು, ಪ್ರಮಾಣ ಮಾಡು, ಸಹಿ ಹಾಕು.

ಅಮೆರಿಕದ ಅಂತರ್ಯುದ್ಧ ನಡೆದದ್ದು 1861 ರಿಂದ 1865 ರವರೆಗೆ. ಗುಲಾಮಗಿರಿ ಉಳಿಸಿಕೊಳ್ಳಬೇಕು ಅಂತ ದಕ್ಷಿಣದ 11 ರಾಜ್ಯಗಳು ಬೇರೆಯಾದವು. ಆಗ ಇಡೀ ದೇಶದಲ್ಲಿ ಗುಲಾಮರಾಗಿದ್ದ ಕರಿಯ ಜನ ಸುಮಾರು 40 ಲಕ್ಷ. ಯುದ್ಧದಲ್ಲಿ ಸತ್ತ ಸಿಪಾಯಿಗಳೇ ಆರು ಲಕ್ಷಕ್ಕೂ ಜಾಸ್ತಿ. ಇದಿಷ್ಟು ಗೊತ್ತಿದ್ದರೆ ಸಾಕು, ಕದನಗಳ ಹೆಸರೆಲ್ಲ ಬೇಡ.

ಉತ್ತರದ ಸೈನ್ಯ, ಅಂದರೆ ಅಮೆರಿಕ ಸರ್ಕಾರದ ಕಡೆಯ ಸೈನ್ಯ, ಒಂದೊಂದೇ ಊರು ಹಿಡಿದಂತೆ ಅಲ್ಲಿ ಒಂದು ಕಚೇರಿ ತೆರೆಯುತ್ತಿತ್ತು. ಒಬ್ಬ ಅಧಿಕಾರಿ, ಒಂದು ಟೇಬಲ್ಲು, ಅಚ್ಚು ಹಾಕಿಸಿದ ಚೀಟಿಗಳ ಕಟ್ಟು, ಒಂದು ದಫ್ತರು. ಇದನ್ನು ಓದುವಾಗ ನನಗೆ ನಗು ಬಂತು, ಕುರ್ಚಿ ಸಮೇತ ನನ್ನನ್ನೇ ಅಲ್ಲಿ ಕೂರಿಸಿದಂತಿತ್ತು. ಜನ ಸಾಲು ನಿಲ್ಲುತ್ತಿದ್ದರು. ಅಮೆರಿಕದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ದೇವರು ನನಗೆ ನೆರವಾಗಲಿ ಅಂತ ಹೇಳಿ ಸಹಿ ಮಾಡುತ್ತಿದ್ದರು. ಬಹಳ ಚೀಟಿಗಳಲ್ಲಿ ಆ ಮನುಷ್ಯನ ಎತ್ತರ, ಕೂದಲ ಬಣ್ಣ, ಕಣ್ಣಿನ ಬಣ್ಣವನ್ನೂ ಬರೆಯುತ್ತಿದ್ದರು. ಫೋಟೋ ಅಂಟಿಸುವ ಕಾಲ ಅಲ್ಲವಲ್ಲ, ಒಬ್ಬನ ಚೀಟಿ ಇನ್ನೊಬ್ಬ ಒಯ್ಯಬಾರದು ಅಂತ.

ಆ ಚೀಟಿ ಕೊಟ್ಟರೆ ಏನು ಬರುತ್ತಿತ್ತು? ಮುದುಕಿಯ ಪ್ರಶ್ನೆ. ಎಲ್ಲವೂ ಬರುತ್ತಿತ್ತು. ಊರಿಂದ ಊರಿಗೆ ಹೋಗಲು ಪಾಸು ಬೇಕಾದರೆ ಚೀಟಿ. ಅಂಗಡಿ ತೆರೆಯಲು, ಮಾಲು ತರಿಸಲು ಚೀಟಿ. ದಕ್ಷಿಣದವರ ರಾಜಧಾನಿಯಾಗಿದ್ದ ರಿಚ್ಮಂಡ್ ಕೈಗೆ ಬಂದ ಮೇಲೆ, 1865 ರ ಏಪ್ರಿಲ್ ಕೊನೆಯಲ್ಲಿ, ಜನರಲ್ ಹ್ಯಾಲೆಕ್ ಒಂದು ಹುಕುಂ ಹೊರಡಿಸಿದ. ಮದುವೆಯಾಗುವವರು ನಿಷ್ಠೆಯ ಪ್ರಮಾಣ ಮಾಡಿದ ಹೊರತು ಮದುವೆಯ ಲೈಸೆನ್ಸ್ ಇಲ್ಲ! ಯೋಚನೆ ಮಾಡಿ. ಹಂದರ ಹಾಕಿ, ಅರಿಶಿನ ಹಚ್ಚಿ, ಬೀಗರು ಬಂದು ಕೂತಿದ್ದಾರೆ, ಮದುಮಗ ಮದುಮಗಳು ಕಚೇರಿ ಮುಂದೆ ಪಾಳಿ ಹಚ್ಚಿದ್ದಾರೆ. ಯುದ್ಧಕ್ಕೆ ಹೋಗದ ಹುಡುಗಿಯಿಂದಲೂ ನಿಷ್ಠೆ ಬರೆಸಿಕೊಳ್ಳುವುದಕ್ಕೆ ಇದಕ್ಕಿಂತ ಜಾಣ ಉಪಾಯ ಇಲ್ಲ.

ದಕ್ಷಿಣದ ಜನ ಈ ಪ್ರಮಾಣಕ್ಕೆ ಒಂದು ಹೆಸರಿಟ್ಟಿದ್ದರು. "ನಾಯಿ ನುಂಗುವುದು." ಅವನು ನಾಯಿ ನುಂಗಿದನಂತೆ, ನೀನಿನ್ನೂ ನುಂಗಿಲ್ಲವಾ ಅಂತ ಮಾತಾಡಿಕೊಳ್ಳುತ್ತಿದ್ದರು. ಗಂಟಲಲ್ಲಿ ಇಳಿಯುವುದಿಲ್ಲ, ಆದರೆ ಇಳಿಸಲೇಬೇಕು. ನುಂಗಿದ ಮೇಲೂ ಒಳಗೆ ಅದು ನಾಯಿಯೇ, ನಿಷ್ಠೆ ಅಲ್ಲ. ಕಚೇರಿಯಲ್ಲಿ ಕೂತ ಅಧಿಕಾರಿಗೂ ಇದು ಗೊತ್ತಿತ್ತು.

ಎಲ್ಲರೂ ನುಂಗಲಿಲ್ಲ. ನ್ಯೂ ಆರ್ಲಿಯನ್ಸ್ ಪಟ್ಟಣವನ್ನು 1862 ರಲ್ಲೇ ಉತ್ತರದವರು ಹಿಡಿದರು. ಅಲ್ಲಿಯ ಜನರಲ್ ಬಟ್ಲರ್ ಬಹಳ ಖಡಕ್ ಮನುಷ್ಯ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅವನ ಹುಕುಂ ಬಂತು: 18 ವರ್ಷ ದಾಟಿದ ಗಂಡಸರು, ಹೆಂಗಸರು ಎಲ್ಲ ಬಂದು ಪ್ರಮಾಣ ಮಾಡಬೇಕು. ಇಲ್ಲವಾದರೆ ನಾನು ಅಮೆರಿಕದ ವೈರಿ ಅಂತ ಹೆಸರು ಬರೆಸಬೇಕು, ಆಸ್ತಿಯ ಪಟ್ಟಿಯನ್ನೂ ಕೊಡಬೇಕು. ಆಸ್ತಿಯ ಪಟ್ಟಿ ಅಂದ ಕೂಡಲೇ ಕಚೇರಿ ಮುಂದೆ ಗರ್ದಿ ಆಯಿತು. ಆದರೂ ಒಂದಷ್ಟು ಜನ ವೈರಿ ಅಂತಲೇ ಬರೆಸಿದರು. ಮುಂದಿನ ವರ್ಷ ಅವರನ್ನು ಊರು ಬಿಡಿಸಿ ದಕ್ಷಿಣದ ಗಡಿಯಾಚೆ ಕಳಿಸಿದರು. ಅವರು ಹಿಡಿದ ಪಕ್ಷ ತಪ್ಪೇ, ಗುಲಾಮಗಿರಿಯ ಪಕ್ಷ ಅದು. ಆದರೆ ನೋಟರಿಯಾಗಿ ಹೇಳುವುದಾದರೆ ಆ ಇಡೀ ದಫ್ತರಿನಲ್ಲಿ ಖರೆ ಬರೆಸಿದವರು ಅವರೇ ಇರಬೇಕು.

ಈಗ ಕಾಗದದಲ್ಲಿ ಏನು ಬರೆದಿತ್ತು ಅನ್ನುವ ನನ್ನ ಪ್ರಶ್ನೆಗೆ ಬರುತ್ತೇನೆ. ಪ್ರಮಾಣದಲ್ಲಿ ಎರಡು ಥರ ಇವೆ. "ಇನ್ನು ಮುಂದೆ ಹೀಗಿರುತ್ತೇನೆ" ಅನ್ನುವುದು ಒಂದು. "ಹಿಂದೆ ಹೀಗೆ ಮಾಡಿಲ್ಲ" ಅನ್ನುವುದು ಇನ್ನೊಂದು. ಕೇಳಲು ಎರಡೂ ಒಂದೇ ಅನ್ನಿಸುತ್ತವೆ. ಭೂಮಿ ಆಕಾಶದ ಅಂತರ ಇದೆ.

ಆಗ ಅಧ್ಯಕ್ಷನಾಗಿದ್ದ ಲಿಂಕನ್ 1863 ರ ಡಿಸೆಂಬರ್ 8 ರಂದು ಕ್ಷಮಾದಾನದ ಘೋಷಣೆ ಹೊರಡಿಸಿದ. ಅದರ ಪ್ರಮಾಣದ ಜೀವ ಇರುವುದು "ಇನ್ನು ಮುಂದೆ" ಅನ್ನುವ ಮಾತಿನಲ್ಲಿ. ಇನ್ನು ಮುಂದೆ ಸಂವಿಧಾನವನ್ನು ಕಾಪಾಡುತ್ತೇನೆ, ಗುಲಾಮರ ಬಿಡುಗಡೆಯ ಕಾನೂನುಗಳನ್ನು ಒಪ್ಪುತ್ತೇನೆ ಅಂದರೆ ಸಾಕು, ಹಿಂದಿನದು ಮಾಫಿ. ದೊಡ್ಡ ಹುದ್ದೆಯಲ್ಲಿದ್ದ ಕೆಲವರಿಗೆ ಮಾತ್ರ ಇಲ್ಲ. ಒಂದು ರಾಜ್ಯದಲ್ಲಿ 1860 ರಲ್ಲಿ ವೋಟು ಹಾಕಿದವರ ಶೇಕಡಾ 10 ರಷ್ಟು ಜನ ಹೀಗೆ ಪ್ರಮಾಣ ಮಾಡಿದರೆ ಹೊಸ ಸರ್ಕಾರ ಕಟ್ಟಿಕೊಳ್ಳಬಹುದು ಅಂದ. ಎರಡು ತಿಂಗಳ ಮೇಲೆ, 1864 ರ ಫೆಬ್ರವರಿಯಲ್ಲಿ, ತನ್ನ ಯುದ್ಧ ಮಂತ್ರಿಗೆ ಒಂದು ಚಿಕ್ಕ ಟಿಪ್ಪಣಿ ಬರೆದ. ತಪ್ಪೇ ಮಾಡಿಲ್ಲ ಅಂತ ಆಣೆ ಮಾಡಿಸುವುದು ತನಗೆ ಸೇರುವುದಿಲ್ಲ, ಇನ್ನು ಮೇಲೆ ತಪ್ಪು ಮಾಡದಿದ್ದರೆ ಸಾಕು ಅನ್ನುವುದು ಅದರ ಅರ್ಥ. ಲಿಂಕನ್ ಮೂಲತಃ ವಕೀಲ, ನೆನಪಿರಲಿ. ಎಂಥ ಅಫಿಡವಿಟ್ ಮನುಷ್ಯನನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ ಅಂತ ವಕೀಲನಿಗೆ ಗೊತ್ತಿರುತ್ತದೆ.

ಎರಡನೇ ಥರದ್ದಕ್ಕೆ ಅಲ್ಲಿ "ಕಬ್ಬಿಣದ ಕವಚದ ಪ್ರಮಾಣ" ಅಂತ ಹೆಸರು. 1862 ರ ಜುಲೈ 2 ರ ಕಾನೂನು. ಸರ್ಕಾರಿ ಹುದ್ದೆ ಬೇಕಾದವರು ತಾವು ಯಾವತ್ತೂ ಸ್ವಂತ ಇಚ್ಛೆಯಿಂದ ದೇಶದ ವಿರುದ್ಧ ಆಯುಧ ಹಿಡಿದಿಲ್ಲ, ವೈರಿಗೆ ನೆರವು ಕೊಟ್ಟಿಲ್ಲ, ಸಲಹೆ ಕೊಟ್ಟಿಲ್ಲ, ಹುರಿದುಂಬಿಸಿಲ್ಲ ಅಂತ ಪ್ರಮಾಣ ಮಾಡಬೇಕು. 1865 ರ ಜನವರಿಯಲ್ಲಿ ಇದನ್ನು ಕೇಂದ್ರದ ಕೋರ್ಟುಗಳ ವಕೀಲರಿಗೂ ಹಚ್ಚಿದರು.

ಮಿಸೌರಿ ಅನ್ನುವ ರಾಜ್ಯ ಇನ್ನೂ ಮುಂದೆ ಹೋಯಿತು. ಅಲ್ಲಿ ಪಕ್ಕದ ಮನೆಯವನೇ ಪಕ್ಕದ ಮನೆಯವನನ್ನು ಕೊಂದಿದ್ದ, ಸಿಟ್ಟು ಬಿಸಿಯಾಗಿತ್ತು. 1865 ರ ಅವರ ಹೊಸ ಸಂವಿಧಾನದಲ್ಲಿ ಒಂದು ಪ್ರಮಾಣ ಸೇರಿಸಿದರು. ವೋಟು ಹಾಕುವವನು, ವಕೀಲ, ಮಾಸ್ತರ, ಪಾದ್ರಿ, ಎಲ್ಲರೂ ಮಾಡಬೇಕು. ಅದನ್ನು ಬಿಡಿಸಿ ನೋಡಿದರೆ ಮೂವತ್ತಕ್ಕೂ ಜಾಸ್ತಿ ಬೇರೆ ಬೇರೆ ಮಾತುಗಳಿದ್ದವು ಅಂತ ಮುಂದೆ ಸುಪ್ರೀಂ ಕೋರ್ಟೇ ಹೇಳಿತು. ಆಯುಧ ಹಿಡಿದಿಲ್ಲ ಅಂದರೆ ಸಾಲದು, ವೈರಿಯ ಮೇಲೆ ಕನಿಕರವನ್ನೂ ತೋರಿಸಿರಬಾರದು. ಕನಿಕರ! ಯಾರದೋ ಮಗ ಆ ಕಡೆಯ ಸಿಪಾಯಿಯಾಗಿ ಸತ್ತು ಬಂದರೆ ಅಯ್ಯೋ ಅಂದದ್ದೂ ಲೆಕ್ಕಕ್ಕೆ ಬರುತ್ತದಾ? ಯಾವ ನೋಟರಿ ಇದಕ್ಕೆ ಶಿಕ್ಕಾ ಒತ್ತಬೇಕು?

ಜಾನ್ ಕಮಿಂಗ್ಸ್ ಅಂತ ಒಬ್ಬ ಕ್ಯಾಥೊಲಿಕ್ ಪಾದ್ರಿ. ಈ ಪ್ರಮಾಣ ಮಾಡದೆ 1865 ರ ಸೆಪ್ಟೆಂಬರ್‌ನಲ್ಲಿ ಚರ್ಚಿನಲ್ಲಿ ಉಪದೇಶ ಮಾಡಿದ. 500 ಡಾಲರ್ ದಂಡ, ಕಟ್ಟುವವರೆಗೆ ಜೈಲು. ಫ್ರಾನ್ಸಿಸ್ ಬ್ಲೇರ್ ಅಂತ ಇನ್ನೊಬ್ಬ. ಇವನು ದಕ್ಷಿಣದವರ ಪಕ್ಷದವನಲ್ಲ, ಉತ್ತರದ ಸೈನ್ಯದಲ್ಲೇ ಜನರಲ್ ಆಗಿ ಯುದ್ಧ ಮಾಡಿದವನು. ಸೇಂಟ್ ಲೂಯಿಸ್‌ನಲ್ಲಿ ವೋಟು ಹಾಕಲು ಹೋದರೆ ಪ್ರಮಾಣ ಮಾಡು ಅಂದರು. ನಾನು ಮಾಡುವುದಿಲ್ಲ ಅಂದ. ವೋಟು ಇಲ್ಲ ಅಂದರು. ಅವನೂ ಕೋರ್ಟಿಗೆ ಹೋದ. ಇದೇ ದೇಶಕ್ಕಾಗಿ ಗುಂಡಿನ ಮುಂದೆ ನಿಂತು ಬಂದವನಿಗೆ ನಿನ್ನ ನಿಷ್ಠೆಗೆ ಚೀಟಿ ಎಲ್ಲಿ ಅಂತ ಕೇಳಿದರೆ ಮೈ ಉರಿಯುವುದಿಲ್ಲವಾ?

ಮೂರನೆಯವನು ಆಗಸ್ಟಸ್ ಗಾರ್ಲಂಡ್, ಅರ್ಕನ್ಸಾ ರಾಜ್ಯದ ವಕೀಲ. ಯುದ್ಧದ ಮುಂಚೆಯೇ ಸುಪ್ರೀಂ ಕೋರ್ಟಿನಲ್ಲಿ ವಾದಿಸುವ ಸನದು ಪಡೆದಿದ್ದ. ಯುದ್ಧದ ಕಾಲದಲ್ಲಿ ದಕ್ಷಿಣದವರ ಸಂಸತ್ತಿನಲ್ಲಿ ಕೂತಿದ್ದ. 1865 ರಲ್ಲಿ ಅಧ್ಯಕ್ಷರಿಂದ ಕ್ಷಮೆಯೂ ಸಿಕ್ಕಿತು. ಆದರೆ ವಾಪಸ್ ಕೋರ್ಟಿಗೆ ಬರಬೇಕಾದರೆ ಕಬ್ಬಿಣದ ಪ್ರಮಾಣ. ನಾನು ಹಿಂದೆ ನೆರವು ಕೊಟ್ಟಿಲ್ಲ ಅಂತ ಸಂಸತ್ತಿನಲ್ಲೇ ಕೂತವನು ಹೇಗೆ ಹೇಳುವುದು? ಪುಣ್ಯಕ್ಕೆ ಸುಳ್ಳು ಹೇಳಲಿಲ್ಲ, ಕೇಸು ಹಾಕಿದ. ಕಮಿಂಗ್ಸ್ ಮತ್ತು ಗಾರ್ಲಂಡ್, ಎರಡೂ ಕೇಸುಗಳ ತೀರ್ಪು 1867 ರಲ್ಲಿ ಒಟ್ಟಿಗೇ ಬಂತು. ಐದು ಜನ ಜಡ್ಜುಗಳು ಈ ಕಡೆ, ನಾಲ್ಕು ಜನ ಆ ಕಡೆ. ನಿನ್ನೆ ತಪ್ಪಲ್ಲದ ಕೆಲಸಕ್ಕೆ ಇವತ್ತು ಕಾನೂನು ಮಾಡಿ ಶಿಕ್ಷೆ ಕೊಡುವಂತಿಲ್ಲ, ವಿಚಾರಣೆ ಇಲ್ಲದೆ ಒಂದು ಗುಂಪಿಗೇ ಶಿಕ್ಷೆ ಕೊಡುವಂತಿಲ್ಲ, ಪ್ರಮಾಣದ ವೇಷ ಹಾಕಿದರೂ ಶಿಕ್ಷೆ ಶಿಕ್ಷೆಯೇ ಅಂತ ಐವರು ಹೇಳಿದರು. ಗಾರ್ಲಂಡ್ ಮುಂದೆ 1885 ರಲ್ಲಿ ಅದೇ ದೇಶದ ಅಟಾರ್ನಿ ಜನರಲ್ ಆದ. ನಮ್ಮ ವಕೀಲ ಮಿತ್ರರಿಗೆ ಇದು ಖುಷಿ ಕೊಡುವ ಸುದ್ದಿ ಅಂತ ಕಾಣುತ್ತದೆ.

ಇಷ್ಟು ಕೇಳಿದರೆ ಲಿಂಕನ್ ಒಳ್ಳೆಯವನು, ಕಬ್ಬಿಣದವರು ಕೆಟ್ಟವರು ಅನ್ನಿಸುತ್ತದೆ ಅಲ್ವಾ? ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು. ಆದರೆ ಕಬ್ಬಿಣದವರ ಮಾತಿನಲ್ಲೂ ಹುರುಳಿತ್ತು. ಸೋತ ಮುಖಂಡರಲ್ಲಿ ಎಷ್ಟೋ ಜನ ಯುದ್ಧದ ಮುಂಚೆ ಇದೇ ಸಂವಿಧಾನದ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ ಶಾಸಕರು, ಜಡ್ಜುಗಳು, ಸೈನ್ಯಾಧಿಕಾರಿಗಳು. ಒಮ್ಮೆ ಮುರಿದವನು ಮತ್ತೊಮ್ಮೆ ಮಾಡಿದ ಪ್ರಮಾಣಕ್ಕೆ ಬೆಲೆ ಏನು? ನಾಳೆ ಇವರೇ ಮತ್ತೆ ಗಾದಿಯ ಮೇಲೆ ಕೂತರೆ ಬಿಡುಗಡೆಯಾದ 40 ಲಕ್ಷ ಜನರ ಗತಿ ಏನು? ಹಾಗೆ ಕೇಳಿದವರು ಪೆದ್ದರಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ತಡೆದು ಹೇಳುತ್ತೇನೆ.

ಅದಕ್ಕೂ ಮುಂಚೆ ಒಂದು ಫೈಲಿನ ಕಥೆ. ಸರ್ಕಾರಿ ಕಚೇರಿ ಸುತ್ತಿದ ಯಾರಿಗಾದರೂ ಇದು ಹಿಡಿಸುತ್ತದೆ. ದಕ್ಷಿಣದ ಮಹಾ ಸೇನಾಪತಿ ರಾಬರ್ಟ್ ಲೀ ಇದ್ದನಲ್ಲ, ಅವನೂ ನಾಯಿ ನುಂಗಿದ. 1865 ರ ಜೂನ್‌ನಲ್ಲಿ ಕ್ಷಮೆಯ ಅರ್ಜಿ ಹಾಕಿದ. ಪ್ರಮಾಣಪತ್ರವನ್ನೂ ಲಗತ್ತಿಸಬೇಕು ಅಂತ ತಿಳಿದ ಮೇಲೆ ಅಕ್ಟೋಬರ್ 2 ರಂದು, ಲೆಕ್ಸಿಂಗ್ಟನ್ ಅನ್ನುವ ಊರಿನಲ್ಲಿ, ಒಬ್ಬ ನೋಟರಿಯ ಮುಂದೆ (ಹೌದು, ನೋಟರಿಯ ಮುಂದೆ!) ಪ್ರಮಾಣ ಮಾಡಿ ಸಹಿ ಹಾಕಿ ವಾಷಿಂಗ್ಟನ್‌ಗೆ ಕಳಿಸಿದ. ಅದೇ ದಿನ ಅಲ್ಲಿಯ ಕಾಲೇಜಿನ ಅಧ್ಯಕ್ಷನಾಗಿ ಅಧಿಕಾರ ವಹಿಸಿಕೊಂಡ. ಕಾಗದಕ್ಕೆ ಮಾತ್ರ ಉತ್ತರ ಬರಲಿಲ್ಲ. 1870 ರಲ್ಲಿ ಲೀ ತೀರಿಕೊಂಡ. ಆ ಕಾಗದ ಯಾವುದೋ ಕಟ್ಟಿನಲ್ಲಿ ಕೂತುಬಿಟ್ಟಿತ್ತು. ನೂರು ವರ್ಷದ ಮೇಲೆ, 1970 ರಲ್ಲಿ, ದಫ್ತರಖಾನೆಯಲ್ಲಿ ಹುಡುಕುತ್ತಿದ್ದ ಒಬ್ಬರಿಗೆ ಸಿಕ್ಕಿತು. 1975 ರಲ್ಲಿ ಸಂಸತ್ತು ಒಪ್ಪಿ, ಅಧ್ಯಕ್ಷ ಫೋರ್ಡ್ ಸಹಿ ಹಾಕಿ, ಸತ್ತು ನೂರಾ ಐದು ವರ್ಷವಾದ ಮನುಷ್ಯನಿಗೆ ಪೌರತ್ವ ವಾಪಸ್ ಕೊಟ್ಟರು. ನಿಮ್ಮ ಖಾತೆ ಬದಲಾವಣೆ ಮೂರು ವರ್ಷದಿಂದ ಆಗಿಲ್ಲ ಅಂತ ನನ್ನ ಹತ್ತಿರ ಗೋಳು ಹೇಳಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮ ನೆಲದಲ್ಲೂ ಇದೇ ಕಾಲದಲ್ಲಿ ಇಂಥದ್ದೇ ಒಂದು ನಡೆಯಿತು. ಅದು ಅಂತರ್ಯುದ್ಧ ಅಲ್ಲ, ಪರರಾಜ್ಯದ ವಿರುದ್ಧ ಎದ್ದದ್ದು, ಎರಡನ್ನೂ ಕಲಸುವುದು ಬೇಡ. ಆದರೂ ಹೇಳುತ್ತೇನೆ. 1857 ರಲ್ಲಿ ಆಯುಧಗಳನ್ನು ಸರ್ಕಾರಕ್ಕೆ ತೋರಿಸಿ ಲೈಸೆನ್ಸ್ ಪಡೆಯಬೇಕು ಅನ್ನುವ ಕಾನೂನು ಬಂತು. ಇಲ್ಲೇ ಮುಧೋಳದ ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಆ ವರ್ಷದ ನವೆಂಬರ್‌ನಲ್ಲಿ ಊರಿಗೆ ಸೈನ್ಯ ಬಂತು, ಮನೆಗಳಿಗೆ ಬೆಂಕಿ ಬಿತ್ತು, ಡಿಸೆಂಬರ್‌ನಲ್ಲಿ ಹಿಡಿದವರನ್ನು ನೇಣಿಗೆ ಹಾಕಿದರು. ಒಂದು ವರ್ಷದ ಮೇಲೆ, 1858 ರ ನವೆಂಬರ್ 1 ರಂದು, ವಿಕ್ಟೋರಿಯಾ ರಾಣಿಯ ಘೋಷಣೆ ಬಂತು. ಬ್ರಿಟಿಷರ ಕೊಲೆಯಲ್ಲಿ ಕೈಯಿಲ್ಲದವರು ಹೊಸ ವರ್ಷದ ಒಳಗೆ ಶರಣಾಗಿ ತಣ್ಣಗೆ ಮನೆಗೆ ಹೋದರೆ ಮಾಫಿ ಅಂತ. ಹಲಗಲಿಯ ನೇಣಿಗೆ ಹೋದವರಿಗೆ ಆ ಮಾಫಿಯಿಂದ ಏನು ಆಗಬೇಕು?

ಇನ್ನೊಂದು ದೇಶದ ಮಾತು, ಬೇಗ ಮುಗಿಸುತ್ತೇನೆ. ಐರ್ಲೆಂಡಿನಲ್ಲಿ ಪ್ರಮಾಣವೇ ಜಗಳದ ಮೂಲಗಳಲ್ಲಿ ಒಂದು. ಇಂಗ್ಲೆಂಡಿನ ಅರಸನಿಗೆ ವಿಧೇಯರಾಗಿರುತ್ತೇವೆ ಅಂತ ಸಂಸತ್ತಿನವರು ಪ್ರಮಾಣ ಮಾಡಬೇಕು ಅನ್ನುವ ಷರತ್ತನ್ನು ಒಪ್ಪಿದವರು, ಒಪ್ಪದವರು ಸೇರಿ 1922 ರಿಂದ 23 ರವರೆಗೆ ಒಬ್ಬರನ್ನೊಬ್ಬರು ಕೊಂದರು. ಒಪ್ಪದವರ ನಾಯಕ ಡಿ ವಲೇರಾ. ಸೋತ ಮೇಲೆ ನಾಲ್ಕು ವರ್ಷ ಸಂಸತ್ತಿನ ಹೊಸ್ತಿಲು ತುಳಿಯಲಿಲ್ಲ. 1927 ರ ಆಗಸ್ಟ್‌ನಲ್ಲಿ ಒಳಗೆ ಬಂದ. ಬೈಬಲ್ಲನ್ನು ದೂರ ಸರಿಸಿ, ಪ್ರಮಾಣದ ಮಾತುಗಳನ್ನು ಕಾಗದದಿಂದ ಮುಚ್ಚಿ, ಒಳಗೆ ಹೋಗಲು ಬೇಕಾದ್ದಕ್ಕೆ ನನ್ನ ಹೆಸರು ಬರೆಯುತ್ತಿದ್ದೇನೆ, ಬೇರೆ ಅರ್ಥ ಏನಿಲ್ಲ ಅಂತ ಹೇಳಿ ಪುಸ್ತಕದಲ್ಲಿ ಸಹಿ ಮಾಡಿದ. 1932 ರಲ್ಲಿ ಅಧಿಕಾರಕ್ಕೆ ಬಂದ, 1933 ರಲ್ಲಿ ಆ ಪ್ರಮಾಣವನ್ನೇ ಕಿತ್ತು ಹಾಕಿದ. ನನ್ನ ಟೇಬಲ್ ಮುಂದೆ ಯಾರಾದರೂ ಹೀಗೆ ಮಾಡಿದರೆ ಎದ್ದು ಹೋಗು ಅಂತ ಬಯ್ಯುತ್ತಿದ್ದೆ. ಆದರೆ ಆ ಮುದುಕಿ ಹೇಳಿದ್ದನ್ನೇ ಅವನೂ ತನ್ನ ಭಾಷೆಯಲ್ಲಿ ಹೇಳಿದ, ಅಷ್ಟೇ.

ಈಗ ತಡೆದಿಟ್ಟ ಮಾತು. ಇದನ್ನು ಹೇಳಬೇಕು ಅಂತಲೇ ನಾನು ಬಂದದ್ದು.

1865 ರ ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾಯಿತು. ಉಪಾಧ್ಯಕ್ಷನಾಗಿದ್ದ ಆಂಡ್ರ್ಯೂ ಜಾನ್ಸನ್ ಗಾದಿಗೆ ಬಂದ. ಮೇ 29 ರಂದು ಅವನದ್ದೂ ಒಂದು ಘೋಷಣೆ ಬಂತು. ಪ್ರಮಾಣ ಮಾಡಿದವರಿಗೆ ಮಾಫಿ. 14 ಥರದ ಜನರಿಗೆ ಹಾಗೆ ಸುಮ್ನೆ ಸಿಗುವುದಿಲ್ಲ, ಅಧ್ಯಕ್ಷನಿಗೇ ಅರ್ಜಿ ಹಾಕಬೇಕು. 20,000 ಡಾಲರಿಗಿಂತ ಜಾಸ್ತಿ ಆಸ್ತಿ ಇದ್ದು ಬಂಡಾಯಕ್ಕೆ ಸೇರಿದವರೂ ಆ ಪಟ್ಟಿಯಲ್ಲಿದ್ದರು. ಸಾಹುಕಾರರನ್ನು ಬಗ್ಗಿಸುತ್ತಾನೆ ಅಂತ ಜನ ಅಂದುಕೊಂಡರು. ಆದದ್ದು ಬೇರೆ. ಸಾಹುಕಾರರು ವಾಷಿಂಗ್ಟನ್‌ಗೆ ಸಾಲುಗಟ್ಟಿದರು, ಕ್ಷಮೆ ಕೊಡಿಸುವ ದಲಾಲರು ಹುಟ್ಟಿಕೊಂಡರು, ಜಾನ್ಸನ್ 13,500 ರ ಹತ್ತಿರ ಜನರಿಗೆ ಒಬ್ಬೊಬ್ಬರಾಗಿ ಕ್ಷಮೆ ಬರೆದುಕೊಟ್ಟ.

ಆ ಕ್ಷಮೆಯ ಘೋಷಣೆಯೊಳಗೆ ಒಂದು ಸಾಲು ಇತ್ತು. ಗುಲಾಮರನ್ನು ಬಿಟ್ಟು ಉಳಿದ ಆಸ್ತಿಯ ಹಕ್ಕೆಲ್ಲ ವಾಪಸ್. ನಾನು ಓದುತ್ತಾ ಇಲ್ಲಿಗೆ ಬಂದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಅಂದರೆ ಆ ಪ್ರಮಾಣದ ಚೀಟಿ ಬರೀ ನಿಷ್ಠೆಯ ಚೀಟಿ ಅಲ್ಲ. ಅದು ಉತಾರ!

ಆ ಹೊಲದಲ್ಲಿ ಯಾರಿದ್ದರು ಗೊತ್ತೇನು? ದಕ್ಷಿಣ ಕ್ಯಾರೊಲಿನಾದ ಕರಾವಳಿಯಲ್ಲಿ ದ್ವೀಪಗಳಿವೆ. 1861 ರ ಕೊನೆಗೆ ಉತ್ತರದ ಹಡಗುಗಳು ಬಂದ ಕೂಡಲೇ ಅಲ್ಲಿಯ ಹತ್ತಿ ಬೆಳೆಯುವ ಧಣಿಗಳು ಮನೆ ಬಿಟ್ಟು ಓಡಿಹೋದರು. ಗುಲಾಮರು ಉಳಿದರು. 1865 ರ ಜನವರಿಯಲ್ಲಿ ಜನರಲ್ ಶರ್ಮನ್ ಒಂದು ಹುಕುಂ ಹೊರಡಿಸಿದ. ಈ ದ್ವೀಪಗಳು, ಕರಾವಳಿಯ ಪಾಳು ಬಿದ್ದ ಭತ್ತದ ಗದ್ದೆಗಳು ಇನ್ನು ಬಿಡುಗಡೆಯಾದ ಕರಿಯ ಕುಟುಂಬಗಳಿಗೆ, ಮನೆಗೆ 40 ಎಕರೆಯ ಒಳಗೆ ಅಂತ. ಕೆಲವೇ ತಿಂಗಳಲ್ಲಿ ಸುಮಾರು 40 ಸಾವಿರ ಜನ ನಾಲ್ಕು ಲಕ್ಷ ಎಕರೆ ಭೂಮಿಯಲ್ಲಿ ನೆಲೆ ನಿಂತರು. ಅಪ್ಪ ಅಜ್ಜ ಚಾಟಿ ಏಟು ತಿಂದು ದುಡಿದ ನೆಲ. ಈಗ ಬಿತ್ತಿದ್ದು ತಮಗೆ.

ಅಷ್ಟರಲ್ಲಿ ಧಣಿಗಳು ವಾಪಸ್ ಬಂದರು. ಕೈಯಲ್ಲಿ ಕ್ಷಮೆಯ ಕಾಗದ. ನಾಯಿ ನುಂಗಿದ್ದೇವೆ, ನಮ್ಮ ಹೊಲ ಕೊಡಿ.

ಬಿಡುಗಡೆಯಾದವರನ್ನು ನೋಡಿಕೊಳ್ಳಲು ಸರ್ಕಾರ ಒಂದು ಇಲಾಖೆ ಮಾಡಿತ್ತು. ಅದರ ಮುಖ್ಯಸ್ಥ ಜನರಲ್ ಹೊವಾರ್ಡ್. ಯುದ್ಧದಲ್ಲಿ ಬಲಗೈ ಕಳೆದುಕೊಂಡವನು, ಮನುಷ್ಯ ಒಳ್ಳೆಯವನೇ. ಭೂಮಿ ವಾಪಸ್ ಕೊಡುವುದನ್ನು ತಡೆಯಲು ನೋಡಿದ, ಅಧ್ಯಕ್ಷ ಬಿಡಲಿಲ್ಲ. 1865 ರ ಅಕ್ಟೋಬರ್‌ನಲ್ಲಿ ಎಡಿಸ್ಟೋ ಅನ್ನುವ ದ್ವೀಪಕ್ಕೆ ಅವನನ್ನೇ ಕಳಿಸಿದರು, ಜನರಿಗೆ ಸುದ್ದಿ ಹೇಳಲು. ಚರ್ಚು ತುಂಬ ಜನ. ಸುದ್ದಿ ಕೇಳಿ ಗದ್ದಲ ಎದ್ದಿತು. ಅದರ ನಡುವೆ ಒಬ್ಬಳು ದುಃಖದ ಹಾಡೊಂದನ್ನು ಎತ್ತಿಕೊಂಡಳು, ಇಡೀ ಚರ್ಚು ದನಿಗೂಡಿಸಿತು. ಹೊವಾರ್ಡ್ ಮಾತು ಶುರು ಮಾಡಿದರೆ ಮೇಲಿನ ಅಟ್ಟದಿಂದ ಒಬ್ಬ ಕೂಗಿ ಕೇಳಿದ. ಯಾವತ್ತೂ ಸರ್ಕಾರಕ್ಕೆ ನಿಷ್ಠರಾಗಿದ್ದವರು ನಾವು, ನಮ್ಮಿಂದ ಕಿತ್ತು ನಮ್ಮ ವೈರಿಗಳಿಗೆ ಕೊಡುತ್ತೀರಲ್ಲ, ಇದು ಸರಿಯಾ ಅಂತ.

ಉತ್ತರದ ಸೈನ್ಯದಲ್ಲಿ ಸುಮಾರು 1 ಲಕ್ಷ 80 ಸಾವಿರ ಕರಿಯ ಸಿಪಾಯಿಗಳು ಯುದ್ಧ ಮಾಡಿದ್ದರು. ನಿಷ್ಠೆ ಅಂದರೆ ಅದು. ಆದರೆ ಧಣಿಗಳಿಗೆ ಅಧ್ಯಕ್ಷ ಬರೆದುಕೊಟ್ಟಂಥ ಕಾಗದ ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ನಿಷ್ಠೆಯಿಂದ ಇದ್ದವರ ಕೈ ಖಾಲಿ, ನಿಷ್ಠೆ ಮುರಿದವರ ಕೈಯಲ್ಲಿ ಸರ್ಟಿಫಿಕೇಟು.

ಎಡಿಸ್ಟೋದ ಜನ ಸುಮ್ಮನಾಗಲಿಲ್ಲ. ತಮ್ಮಲ್ಲೇ ಮೂವರ ಕಮಿಟಿ ಮಾಡಿ ಹೊವಾರ್ಡ್‌ಗೂ ಅಧ್ಯಕ್ಷನಿಗೂ ಕಾಗದ ಬರೆದರು. ಹಳೆಯ ಧಣಿಗಳನ್ನು ಕ್ಷಮಿಸಿ ಅಂತ ಹೊವಾರ್ಡ್ ಬುದ್ಧಿ ಹೇಳಿ ಹೋಗಿದ್ದ. ಅದಕ್ಕೆ ಅವರ ಉತ್ತರ ಇದೆ ನೋಡಿ, ಅದನ್ನು ಓದಿ ನಾನು ಒಂದು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ನೀವು ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿರಿ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯಿಯನ್ನೂ ತಂಗಿಯನ್ನೂ ಹೊಡೆದವನು, ಈಗ ತನ್ನ ಷರತ್ತಿಗೆ ಒಪ್ಪಿದರೆ ಮಾತ್ರ ಗುಡಿಸಲಲ್ಲಿ ಇರಗೊಡುತ್ತೇನೆ ಅನ್ನುವವನು, ಅವನನ್ನು ನಾನು ಕ್ಷಮಿಸುವುದು ಹೇಗೆ. ಹೆಚ್ಚುಕಡಿಮೆ ಇದೇ ಅದರ ಸಾರ. ಮೂಲದಲ್ಲಿ ಕಾಗುಣಿತ ತಪ್ಪುಗಳಿವೆ. ಓದು ಕಲಿಸುವುದೇ ಅಪರಾಧವಾಗಿದ್ದ ನಾಡಿನಲ್ಲಿ ಬರೆದ ಕಾಗದ ಅದು.

ಲಿಂಕನ್ "ಇನ್ನು ಮುಂದೆ" ಅಂದದ್ದು ತಪ್ಪು ಅಂತ ನಾನು ಈಗಲೂ ಹೇಳಲಾರೆ. ಹಿಂದಿನದಕ್ಕೆ ಆಣೆ ಮಾಡಿಸಿದರೆ ಸುಳ್ಳುಗಾರರು ಒಳಗೆ ಬರುತ್ತಾರೆ, ಗಾರ್ಲಂಡ್‌ನಂಥ ನೇರ ಮಾತಿನವರು ಹೊರಗೆ ಉಳಿಯುತ್ತಾರೆ, ಇದು ಖರೆ. ಆದರೆ ಕಾಗದದ ಮಾತನ್ನು ನೋಡುತ್ತಾ ಕೂತ ನನ್ನಂಥವರು ಅದರ ಬೆನ್ನಿಗೆ ಏನು ಕಟ್ಟಿದ್ದಾರೆ ಅಂತ ನೋಡಲಿಲ್ಲ. ಕ್ಷಮೆ ಕೊಡಿ, ವೋಟು ಕೊಡಿ, ಅಂಗಡಿ ತೆರೆಯಲು ಬಿಡಿ, ಮದುವೆ ಮಾಡಿಕೊಳ್ಳಲಿ. ಇನ್ನೊಬ್ಬ ಬಿತ್ತಿದ ಹೊಲವನ್ನು ಯಾಕೆ ಕೊಟ್ಟಿರಿ?

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಆಮೇಲೆ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಆ ಕಬ್ಬಿಣದ ಪ್ರಮಾಣ ಈಗಲೂ ಐತ್ರಿ?" ಇಲ್ಲ, 1884 ರಲ್ಲಿ ತೆಗೆದುಹಾಕಿದರು. ಅಷ್ಟು ಹೊತ್ತಿಗೆ ಹಳೆಯ ಧಣಿಗಳ ಪಕ್ಷದವರು ದಕ್ಷಿಣದ ಎಲ್ಲ ರಾಜ್ಯಗಳಲ್ಲಿ ಮತ್ತೆ ಅಧಿಕಾರ ಹಿಡಿದಾಗಿತ್ತು.

ಒಬ್ಬ ವಕೀಲರು, ಪ್ರಮಾಣವೇ ಬೇಡ ಅಂತೀರಾ, ಹಾಗಾದರೆ ನಿಮ್ಮ ಹೊಟ್ಟೆ ಹೇಗೆ ತುಂಬಬೇಕು ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಕೊಡಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಕೂತಿದ್ದರು. ಬೀಳಗಿ ಕಡೆಯವರು, ಹೊಲ ಹಿನ್ನೀರಿನಲ್ಲಿ ಹೋಗಿ ಮೂವತ್ತು ವರ್ಷದ ಹತ್ತಿರ ಆಯಿತು ಅಂತ ಆಮೇಲೆ ಹೇಳಿದರು. ಅವರು ಎದ್ದು ನಿಂತು ಕೇಳಿದರು: "ಸಾಹೇಬ್ರ, ಆ ದ್ವೀಪದ ಮಂದಿ ಕಡೆಯಿಂದ ಏನೂ ಬರಸ್ಕೊಳ್ಳಿಲ್ಲೇನ್ರಿ? ಸುಮ್ನ ಹೊರಗ ಹಾಕಿದ್ರಾ?"

ಬರೆಸಿಕೊಂಡರು ಅಂದೆ. 1866 ರ ಶುರುವಿನಲ್ಲಿ ಬರೆಸಿಕೊಂಡರು. ಅದೇ ಹೊಲದಲ್ಲಿ ಅದೇ ಧಣಿಗೆ ಒಂದು ವರ್ಷ ಕೂಲಿ ಮಾಡುತ್ತೇವೆ ಅನ್ನುವ ಕರಾರು. ಸಹಿ ಮಾಡಿದವರು ಇರಬಹುದು, ಒಲ್ಲೆ ಅಂದವರು ದ್ವೀಪ ಬಿಡಬೇಕು.

"ಹೆಬ್ಬಟ್ಟು ಒತ್ತಿದ್ರೇನ್ರಿ?"

"ಅಲ್ಲಿ ಹೆಬ್ಬಟ್ಟಿನ ರೂಢಿ ಇರಲಿಲ್ಲ ಕಾಕಾ. ಗುಣಾಕಾರದ ಗುರ್ತು ಹಾಕತಿದ್ರು. ಅದರ ಬಾಜೂಕ ಬ್ಯಾರೇದವ್ರು ಯಾರಾರ ಅವರ ಹೆಸರು ಬರೀತಿದ್ರು."

"ಅವರಿಗೆ ಓದಿ ಹೇಳತಿದ್ರಾ?"

ಕೆಲವು ಕಡೆ ಹೇಳುತ್ತಿದ್ದರು, ಕೆಲವು ಕಡೆ ಇಲ್ಲ ಅಂದೆ. ಅವರು ತಲೆ ಅಲ್ಲಾಡಿಸಿ ಕೂತರು. ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಹತ್ತಿರ ಬಂದು, ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಹಳೆಯ ಕಾಗದ ತೆಗೆದರು. ಮಡಿಕೆಯ ಗೆರೆಯಲ್ಲಿ ಹರಿದಿತ್ತು. ಕೆಳಗೆ ನೀಲಿ ಹೆಬ್ಬಟ್ಟು, ಅದರ ಪಕ್ಕ ಬೇರೆಯವರ ಅಕ್ಷರದಲ್ಲಿ ಅವರ ಹೆಸರು.

"ಇದನ್ನ ಒಂದೀಟು ಓದಿ ಹೇಳ್ರಿ," ಅಂದರು. "ಅವತ್ತ ಯಾರೂ ಹೇಳಿಲ್ಲ."